ಬಲಕ್ಕೆ ಆರು

ಎಡಕ್ಕೆ ಮೂರು, ಬಲಕ್ಕೆ ಒಂದೂವರೆ,
ಮೇಲೆರಡು, ಕೆಳಗೆರಡು ಸೆಂಟಿಮೀಟರು:
ನರೀನ್ ಊರಿನ ಈ ಅಂಗಡಿಯಲ್ಲಿ
ಹದಿನಾಲ್ಕು ಚಳಿಗಾಲ ನಾನು ಒಪ್ಪಿಸಿದ ಮಗ್ಗಿ.

ಎಡದ ಮೂರು ನನ್ನ ಸೂಜಿಯ ಪಾಲು.
ಕಡಿಮೆ ಬಿಟ್ಟರೆ ದಾರ ಅಕ್ಷರ ನುಂಗುತ್ತದೆ.
ಬೇಕಿದ್ದರೆ ಹೋಗಿ ನೋಡಿ, ಕಾಲೇಜಿನ ಕಪಾಟಿನಲ್ಲಿದೆ
ಪಶುವೈದ್ಯದ ಹುಡುಗನೊಬ್ಬನ ಪ್ರಬಂಧ:
ಪ್ರತಿ ಸಾಲಿನ ತಲೆಯೂ ಹೊಲಿಗೆಯೊಳಗೆ,
ಅವನ ಕುರಿಗಳೆಲ್ಲ ಬರೀ ರಿಗಳು.

ಮಾರ್ಚಿನ ಒಂದು ಮಧ್ಯಾಹ್ನ ಎಸೆನ್‌ಗುಲ್ ಬಂದರು,
ಟೋಪಿಯ ಹಿಮ ಹೊಸ್ತಿಲಾಚೆ ಕೊಡವಿ.
ಕೈಯಲ್ಲಿ ಮೊಮ್ಮಗಳು ಟೈಪು ಮಾಡಿಕೊಟ್ಟ ಪೆನ್ ಡ್ರೈವು,
ಕಂಕುಳಲ್ಲಿ ಮೇಣಬಟ್ಟೆ ಸುತ್ತಿದ ರಿಜಿಸ್ಟರು.
ಕಣಿವೆಯ ಮೇಲಿನ ಹವಾಮಾನ ಠಾಣೆಯಲ್ಲಿ
ಮೂವತ್ತೊಂದು ವರ್ಷ
ದಿನಕ್ಕೆ ಎಂಟು ಸಲ ಪಾದರಸ ನೋಡಿದವರು.

ಫೈಲು ತೆರೆದೆ. ಅಂಕಿ, ಅಂಕಿ, ಅಂಕಿ.
ಗಾಳಿ ಯಾವ ಕಡೆಯಿಂದ, ಹಿಮ ಎಷ್ಟು ಆಳ.
ಮಗ್ಗಿಯ ಪ್ರಕಾರ ಅಂಚು ಕೂರಿಸಿದೆ.
"ಇದಲ್ಲ" ಅಂದರು.
"ಮಗು ಎಲ್ಲ ಹೊಡೆದಿದ್ದಾಳೆ, ಬದಿಯದು ಬಿಟ್ಟು."

ರಿಜಿಸ್ಟರು ಬಿಚ್ಚಿದರು. ಗೆರೆಯ ಒಳಗೆ
ಶಾಯಿಯಲ್ಲಿ ಮೈನಸ್ ಮೂವತ್ತೆಂಟು.
ಗೆರೆಯ ಆಚೆ, ಪೆನ್ಸಿಲಿನಲ್ಲಿ, ಇರುವೆಸಾಲಿನ ಹಾಗೆ:
ತೋಳ ಲಾಯದ ಬಾಗಿಲವರೆಗೆ ಬಂದಿತ್ತು.
ರೇಡಿಯೋ ಸತ್ತಿದೆ. ಸಕ್ಕರೆ ಇಲ್ಲ.
ಉಮ್ಸುನೈ ಇವತ್ತು ಎದ್ದು ಕೂತಳು.
ಆಮೇಲೆ ಹನ್ನೊಂದು ದಿನ ಅಂಚಿನಲ್ಲಿ ಏನೂ ಇಲ್ಲ,
ಒಳಗೆ ಮಾತ್ರ ಎಂಟೆಂಟು ಸಲ, ತಪ್ಪದೆ, ಪಾದರಸ.

"ಇದನ್ನೂ ಟೈಪು ಮಾಡಬಹುದಲ್ಲ" ಅಂದೆ.
"ಸರ್ಕಾರದ ಗೆರೆಯೊಳಗೆ ಆಗ ಬಿಟ್ಟುಕೊಳ್ಳದ್ದನ್ನು
ಈಗ ಯಾಕೆ ನುಗ್ಗಿಸಲಿ?
ಜಾಗ ಬಿಡು ಸಾಕು. ಕೈಯಲ್ಲೇ ಬರೆಯುತ್ತೇನೆ."

ಕರ್ಸರನ್ನು ಆಚೆ ಒಯ್ಯಲು ನೋಡಿದೆ, ಬರಲೊಲ್ಲದು;
ಹೊಳೆ ಕಂಡ ಕತ್ತೆಯ ಹಾಗೆ ಅಲ್ಲೇ ನಿಂತು ಮಿಟುಕಿತು.
ಅಳತೆಪಟ್ಟಿಯ ಬೂದು ತುದಿ ಹಿಡಿದು
ಎಳೆದೆ: ಎರಡು, ಮೂರು, ನಾಲ್ಕೂವರೆ.
"ಇನ್ನಷ್ಟು" ಅಂದರು. ಐದು. "ಇನ್ನಷ್ಟು."
ಆರರಲ್ಲಿ ಸುಮ್ಮನಾದರು.
ಅಂಕಿಗಳೆಲ್ಲ ಎಡಕ್ಕೆ ಸರಿದು, ಒತ್ತೊತ್ತಾಗಿ,
ತುಂಬಿದ ಬಸ್ಸಿನಲ್ಲಿ ಬಸುರಿಗೆ ಜಾಗ ಬಿಟ್ಟವರ ಹಾಗೆ ಕೂತವು.

ಇನ್ನೂರ ನಲವತ್ತಿದ್ದ ಹಾಳೆ ಮುನ್ನೂರ ಎಪ್ಪತ್ತಾಯಿತು.
"ಖಾಲಿ ಜಾಗಕ್ಕೂ ದುಡ್ಡೇ?" ಕೇಳಿದರು, ನಗದೆ.
ಹಾಳೆಗೆ ಇಷ್ಟು ಅಂತ, ನಾನೇನು ಮಾಡಲಿ.
ನೋಟು ಎಣಿಸಿ ಇಟ್ಟರು; ಚಿಲ್ಲರೆ ನಾನೂ ಎಣಿಸಿಯೇ ಕೊಟ್ಟೆ.

ಮರುದಿನ ಕಾನೂನು ಓದುವ ಮಿರ್ಲಾನನ ಪ್ರಬಂಧವನ್ನು
ಆತುರದಲ್ಲಿ ಆ ಅಳತೆಯೊಳಗೇ ಸುರಿದುಬಿಟ್ಟೆ.
ಮುದ್ರಿಸಿ ಬಂದರೆ ಬಲಕ್ಕೆಲ್ಲ ಬಯಲು.
"ಇಷ್ಟು ಖಾಲಿ ಯಾಕೆ, ಏನಿದೆ ಅಲ್ಲಿ ಬರೆಯಲು?"
ಇಪ್ಪತ್ತೆರಡರ ಹುಡುಗ. ಬೈಯಿಸಿಕೊಂಡೆ,
ಮಗ್ಗಿಗೆ ತಂದು ಮತ್ತೆ ತೆಗೆದುಕೊಟ್ಟೆ.

ಕೆಟ್ಟ ಹಾಳೆಗಳ ಅಂಚು ಕತ್ತರಿಸಿ
ಲೆಕ್ಕಕ್ಕೆಂದು ಇಟ್ಟುಕೊಂಡಿದ್ದೇನೆ,
ಆರು ಸೆಂಟಿಮೀಟರಿನ ಪಟ್ಟಿಗಳು, ಒಂದು ಕಟ್ಟು.
ಇವತ್ತಿನದು: ಶಾಯಿ ಡಬ್ಬಿ ಒಂದು. ದಾರ ಎರಡು ಉಂಡೆ.
ಮೂರಕ್ಕೆ ಕರೆಂಟು ಹೋಯಿತು.
ಎದುರಿನ ಪಾಪ್ಲರ್ ಮರದಲ್ಲಿ ಕಾಗೆ ಕಡ್ಡಿ ಕೂಡಿಸುತ್ತಿದೆ.