ಇತ್ತೀಚಿನ ಬದಲಾವಣೆಗಳು

ರಾತ್ರಿ ಎರಡೂವರಿ. ಹೆಣ್ಣುಮಕ್ಕಳ ವಾರ್ಡು.
ಏಳನೇ ಮಂಚದ ಸಲಾಯಿನ್ ಇನ್ನಾ ಅರ್ಧ ಬಾಟಲಿ ಅದ.
ಸ್ಟೂಲಿನ ಮ್ಯಾಲ ಕುಂತು, ಮೊಬೈಲಿನಾಗ
ಬೀದರಿನ ಬಾವಿಗಳ ವಿಕಿ ತೆಗಿತೀನಿ.
ಇತ್ತೀಚಿನ ಬದಲಾವಣೆಗಳು: ನಾಕುನೂರಾ ಹನ್ನೊಂದು.

ನಾವು ಬರೆದ ಬಾವಿ ಇರೋದೇ ನೂರಾ ಮೂವತ್ತು!

ಮಂಗಲಪೇಟದ ಜೋಡಬಾವ್ಯಾಗ ಯಾರೋ
ರಮ್ಮಿ ಆಟ ಹಚ್ಯಾರ.
ನೌಬಾದಿನ ಸುರಂಗದ ಉದ್ದ ಬರೆದಲ್ಲಿ
ಐದು ನಿಮಿಷಕ್ಕ ಸಾಲ, ಜಾಮೀನು ಬ್ಯಾಡ.
ತಳ ಕಾಣದ ಹಿರೇಬಾವಿಯ ಕೆಳಗ
ತೂಕ ಇಳಿಸೋ ಗುಳಿಗಿ.
ಹೆಸರು ನೋಡಿದರ ಹೆಸರಲ್ಲ,
ಬೆಕ್ಕು ಕೀಲಿಮಣಿ ತುಳಿದಂಗ ಅಕ್ಷರ.
ನಿದ್ದಿ ಇಲ್ಲದವು. ನೀರಡಿಕಿ ಇಲ್ಲದವು.

ಅಳಿಸು. ತಡಿ. ಅಳಿಸು. ತಡಿ.
ನಡುವ ಎದ್ದು ಹನ್ನೆರಡನೇ ಮಂಚದಾಕಿ
ಜ್ವರ ನೋಡಿ ಬರ್ತೀನಿ.

ಸುರು ಮಾಡಿದಾಗ ನಾವು ಮೂರೇ ಮಂದಿ:
ನಳದ ನೀರು ಬಿಡೋ ವೈಜಿನಾಥ,
ನಕ್ಷಾ ನಕಲು ಮಾಡೋ ಖಮರುದ್ದೀನ್ ಚಾಚಾ, ನಾನು.
ಯಾರು ಬೇಕಾದರ ಬರೀಲಿ, ಅಂದಿದ್ದ ವೈಜಿನಾಥ,
ಬಾವಿಗೆ ಬಾಗಿಲ ಎಲ್ಲಿ ನೋಡೀರಿ, ಸಿಸ್ಟರ್?
ನೋಡೀನಿ, ಅಂದೆ.
ನಮ್ಮವ್ವ ದೂರ ನಿಂತು ನಿಂತು
ಬರಿಗೊಡ ಹೊತ್ತು ಮನಿಗೆ ಬಂದಿದ್ದು
ಬಾಗಿಲಿಲ್ಲದ ಬಾವಿಯಿಂದನೇ.
ಅಂವ ಸುಮ್ಮನಾದ.

ಆದರ ಬಾಗಿಲ ಹಚ್ಚಿದಾಕಿ ನಾನೇ.
ಮೊದಲು ಲೆಕ್ಕ ಕೇಳಿದೆ, ಮೂರಕ್ಕ ನಾಕು ಕೂಡಿಸು.
ಯಂತ್ರಕ್ಕ ಲೆಕ್ಕದ ಭಯಾನಾ? ನಗತಾ ಒಳಗ ಬಂತು.
ಸೊಟ್ಟ ಅಕ್ಷರ ತೋರಿಸಿದೆ.
ನನ್ನ ಕಣ್ಣಿಗಿಂತ ಅದರ ಕಣ್ಣೇ ಚುರುಕು.
ಕಡಿಗೆ ಒಂದು ಪ್ರಶ್ನೆ ಇಟ್ಟೆ:
ಬಾವ್ಯಾಗ ಬಿದ್ದ ಕೊಡ ತೆಗಿಯೋ ಕೊಕ್ಕಿಗೆ ಏನಂತಾರ?
ಪಾತಾಳಗರಡಿ ಅಂದವರು ಒಳಗ.

ಮೂರು ವಾರ ನೀರು ತಿಳಿಯಾಗಿತ್ತು.

ಅದಕ್ಕೂ ಮೊದಲಿನ ಮಾತು ಒಂದು ಅದ.
ಒಂದು ರಾತ್ರಿ ಯಾವುದೋ ಖಾತಿ,
ಹೆಸರಿನ ಜಾಗದಾಗ ಬರೀ ಫೋನ್ ನಂಬರು,
ಒಂದು ತಾಸಿನಾಗ ನಲವತ್ತೊಂದು ಬಾವಿ ಹೊಕ್ಕು
ಒಂದೊಂದೇ ಶಬ್ದ ಇಟ್ಟು ಹೋಗಿತ್ತು:
ಸಿಹಿ. ಸವಳು. ಸವಳು. ಸಿಹಿ. ಸವಳು.
ಚುಕ್ಕಿ ಇಲ್ಲ, ಆಧಾರ ಇಲ್ಲ.
ಮನಷ್ಯಾರು ಹಿಂಗ ಬರಿತಾರೇನು?
ನಲವತ್ತೊಂದೂ ಅಳಿಸಿ, ತಡೆದು, ಚಹಾ ಕುಡಿದೆ.

ಮೊನ್ನೆ ನಳ ತಡ ಆದ ದಿನ
ಸಿದ್ದಿ ತಾಲೀಮಿನ ಓಣ್ಯಾಗ ಒಬ್ಬಾಕಿ ಮುದುಕಿ
ವೈಜಿನಾಥಗ ಹಿಡಿದು ಬೈದಳಂತ:
ನಿನ್ನ ನಳನೂ ನನಗ ಆಟ ಆಡಸ್ತದ,
ನಿನ್ನ ಪುಸ್ತಕನೂ ಒಳಗ ಬಿಡವಲ್ದು.
ರಸೂಲಬೀ. ಭಿಸ್ತಿ ಮನೆತನ.
ಐವತ್ತು ವರ್ಷ ಮನಿಮನಿಗೆ ನೀರು ಹೊತ್ತಾಕಿ,
ಊರಿನ ಬಾವಿಯೆಲ್ಲ ನಾಲಿಗಿ ಮ್ಯಾಲೇ ಅವ.
ಮೊಮ್ಮಗ ಮಲಗಿದ ಮ್ಯಾಲೇ ಅವನ ಫೋನು ಖಾಲಿ,
ಒಂದೇ ಬೊಟ್ಟಿನಿಂದ ಒತ್ತಿ ಒತ್ತಿ ಬರೆದಾಕಿ.

ದಾಖಲಿ ತೆಗೆದು ನೋಡಿದೆ.
ತಪ್ಪು ಉತ್ತರ: ಕಾಂಟಾ.
ತಪ್ಪು ಉತ್ತರ: ಕಾಂಟಾ.
ತಪ್ಪು ಉತ್ತರ: ಕಾಂಟಾನೇ ಅಂತಾರವ್ವಾ.

ಮೈ ಝುಂ ಅಂತು.

ಇಲ್ಲಿ ಅಳಿಸಿದ್ದು ಅಳಿಯಂಗಿಲ್ಲ,
ತಳಕ್ಕ ಹೋಗಿ ಕುಂದರ್ತದ.
ಇತಿಹಾಸದ ಪುಟ ತೆಗೆದು
ಒಂದೊಂದೇ ಕೊಡ ಕೊಕ್ಕಿಗೆ ಸಿಗಿಸಿ ಎತ್ತಿದೆ,
ನಲವತ್ತೊಂದು. ಒಂದೂ ಒಡೆದಿರಲಿಲ್ಲ.
ಬಾಗಿಲದಾಗ ಈಗ ಕಾಂಟಾನೂ ನಡಿತದ.
ಮತ್ತ್ಯಾರೋ ಮತ್ತೊಂದು ಅಂದರ, ಅದನ್ನೂ ಬರಕೋತೀನಿ.
ಬಾಗಿಲ ಮಾತ್ರ ತೆಗೆದಿಲ್ಲ. ತೆಗಿಯಾಕ ಆಗವಲ್ದು.

ಹಂಗ ಎತ್ತುವಾಗ ಆ ಬಾವಿ ಬಂತು,
ಅವ್ವ ದೂರ ನಿಂತ ಬಾವಿ.
ಅದರ ಪುಟದಾಗ ರಸೂಲಬೀಯ ಒಂದೇ ಶಬ್ದ:
ಸವಳು.

ವಾರ್ಡಿನಾಗ ಒಬ್ಬಾಕಿನೇ ನಕ್ಕೆ.
ಡ್ಯೂಟಿ ಮುಗಿದ ಮ್ಯಾಲ ಅವ್ವಗ ಫೋನ್ ಹಚ್ಚಬೇಕು.
ಅದಕ್ಕಿಂತ ಮೊದಲು ಏಳನೇ ಮಂಚದ ಬಾಟಲಿ ಬದಲಿಸಬೇಕು.
ಜೋಡಬಾವ್ಯಾಗ ರಮ್ಮಿ ಮತ್ತ ಬಂದದ.