ಬಾಗಿಲಿನ ಚೀಟಿ

ಕುತೈಸಿಯ ರೊಟ್ಟಿಯಂಗಡಿಯಲ್ಲಿ ಲಮಾರಾ
ಬಾಗಿಲಿಗಂಟಿಸಲು ಚೀಟಿ ಬರೆದಳು:
"ಮೂರು ದಿನ ರಜೆ. ಗಂಡ ಬಿಟ್ಟು ಹೋದ."
ಎರಡನೆಯ ಮಾತು ಹೊಡೆದು ಹಾಕಿದಳು.
"ಮನೆಯಲ್ಲಿ ಸ್ವಲ್ಪ ತೊಂದರೆ."
ಥೂ, ತೊಂದರೆಯೆಂದರೆ ಸಾಲವೆಂದುಕೊಳ್ಳುತ್ತಾರೆ,
ಹಿಟ್ಟಿನವನು ನಾಳೆಯೇ ಬಂದು ಕೂರುತ್ತಾನೆ.
"ಒಲೆ ರಿಪೇರಿ" ಎಂದು ಬರೆದು
ಹಿಂದಿರುಗಿ ನೋಡಿದಳು.
ಇಪ್ಪತ್ತು ವರ್ಷ
ಒಮ್ಮೆಯೂ ಕೈಕೊಡದ ಒಲೆ.
ಅದನ್ನೂ ಹೊಡೆದಳು.

ಉಳಿದದ್ದು ಮೂರು ದಿನ, ರಜೆ.

ನಾಲ್ಕನೆಯ ಬೆಳಗ್ಗೆ ಬಿಸಿ ರೊಟ್ಟಿ, ಸಾಲುಗಟ್ಟಿದ ಜನ.
ಯಾರೂ ಏನೂ ಕೇಳಲಿಲ್ಲ.
ಮುದುಕ ನೋದಾರ್ ಅಲ್ಲೇ
ತುದಿ ಮುರಿದು ಬಾಯಿಗಿಟ್ಟ,
ಅಗಿಯುತ್ತ ಅಗಿಯುತ್ತ ನಿಧಾನವಾದ.
ಸಪ್ಪೆ.
ಇಷ್ಟು ದಿನ ಉಪ್ಪು ಹಾಕುತ್ತಿದ್ದವನು ಯಾರೆಂದು
ಬೀದಿಗೆಲ್ಲ ತಿಳಿಯಿತು.

"ಇನ್ನೊಂದು ಕೊಡು," ಎಂದ.