ಅಗಲವಿಲ್ಲದ ಅಕ್ಷರ

ಗಿರಣಿಯ ಮೇಲಿನ ಹಲಗೆಯಲ್ಲಿ
ಹಳೆಯ ಬಿಸ್ಕೀಟು ಡಬ್ಬಿಯೊಳಗೆ
ಅಂಗೈಯಷ್ಟು ಒಂದು ಯಂತ್ರ.
ಅದರ ಪಂಖಕ್ಕೆ ಜೋಳದ ಹಿಟ್ಟು ಕೂತು
ಹದಿನೈದು ದಿನಕ್ಕೊಮ್ಮೆ ಗಂಟಲು ಕಟ್ಟುತ್ತದೆ.
ಅಪ್ಪನ ದಾಡಿಯ ಬ್ರಷ್ಷಿನಿಂದ
ಉಸಿರು ಹಿಡಿದು ಒರೆಸುತ್ತೇನೆ,
ಕೂಸಿನ ಕಿವಿ ಒರೆಸುವ ಹಾಗೆ.

ದುಧನಿಯಲ್ಲಿ ಎಲ್ಲರಿಗೂ ಗೊತ್ತು:
ಮಲಕಣ್ಣನ ಗಿರಣಿಯಲ್ಲಿ ಎರಡು ತಿರುಗುತ್ತವೆ.
ಒಂದರ ಸದ್ದು ಸ್ಟೇಶನ್ನಿನವರೆಗೆ ಕೇಳುತ್ತದೆ.
ಸದ್ದಿಲ್ಲದ್ದು ಹೇಳುತ್ತದೆ
ಬಸ್ಸು ಎಷ್ಟಕ್ಕೆ, ನಳದ ಪಾಳಿ ಯಾವ ಓಣಿಗೆ,
ಕನ್ನಡ ಶಾಲೆಗೆ ಪುಸ್ತಕದ ಗಂಟು ಬಂತೋ ಇಲ್ಲವೋ,
ಸಿಗದ ರಕ್ತ ಯಾರ ಮೈಯಲ್ಲಿ ಹರಿಯುತ್ತದೆ.

"ಇದರಾಗ ರೊಕ್ಕ ಎಷ್ಟು ಸಿಗತದ?"
ಚೀಲ ಇಳಿಸುತ್ತ ಗೌರಾಬಾಯಿ.
"ಒಂದ್ ರೂಪಾಯಿನೂ ಇಲ್ಲ."
"ಮತ್ತ್ಯಾಕ ಮಾಡ್ತಿ?"
ಪಟ್ಟಾದ ಸದ್ದಿನಲ್ಲಿ
ಕೇಳಿಸದವನ ಹಾಗೆ ನಿಲ್ಲುತ್ತೇನೆ.
ಉತ್ತರ ಗೊತ್ತಿಲ್ಲದವನಿಗೆ
ಗಿರಣಿ ಬಹಳ ಉಪಕಾರಿ.

ಇದಕ್ಕೂ ಮೊದಲಿನವು ಇನ್ನೂ ಚಂದ:
ಹಿಟ್ಟು ಆರಿತೆಂದು ಸೀಟಿ ಹೊಡೆಯುವ ಡಬ್ಬಿ,
ಹೊಡೆದದ್ದು ನಿಲ್ಲಲೇ ಇಲ್ಲ.
ನೀರು ಬಂದರೆ ಮೋಟಾರು ತಾನೇ ಏಳಲೆಂದು ತಂತಿ,
ಮೂರು ಮನೆಯ ಫ್ಯೂಜು ಹೋಯಿತು,
ಅದರಲ್ಲೊಂದು ಮದುವೆ ಮನೆ.
ಮಳೆ ಅಳೆಯಲಿಟ್ಟ ಬೋಗುಣಿಯಲ್ಲಿ
ಈಗ ಗುಬ್ಬಿಗಳು ನೀರು ಕುಡಿಯುತ್ತವೆ,
ನಾನು ಮಾಡಿದ್ದರಲ್ಲಿ ಗೆದ್ದದ್ದು ಅದೊಂದೇ.

ರಾತ್ರಿ ಹನ್ನೊಂದಕ್ಕೆ ಲೆಕ್ಕ ತೆಗೆಯುತ್ತೇನೆ.
ಇಂದು ಬಂದವರು ನಲವತ್ತು.
ಮೂವತ್ತೊಂದು, ಯಾವುದೋ ದೇಶದ ಯಂತ್ರಗಳು,
ಚಿಲಕ ಅಲುಗಿಸಿ ನೋಡಿ ಹೋದವು.
ಐದು ಸಲ ನಾನೇ.
ಉಳಿದ ನಾಲ್ವರು ಯಾರು?
ಅವರಿಗಾಗಿ ಡಬ್ಬಿಯ ಹಸಿರು ದೀಪ
ಮಿಣ್ಣಗೆ ಮಿಟುಕುತ್ತ ಇರಲಿ.

ಒಂದು ದಿನ ಬಂದೇನವಾಜ ಮಾಸ್ತರರು
ಗೋದಿಯ ಜೊತೆ ಫೋನನ್ನೂ ಮುಂದೆ ಹಿಡಿದರು:
"ಏನೋ ಇದು, 'ಜತ್ಗೆ'?
ಯಾವ ಊರೋ ಮಾರಾಯಾ?"
ನಿಜ, ತಕಾರದ ಕಾಲಿಗೆ
ಗಕಾರ ಜೋತುಬಿದ್ದಿತ್ತು,
ತುಂಬಿದ ಬಸ್ಸಿನ ಬಾಗಿಲಿಗೆ ಹುಡುಗ ಜೋತುಬಿದ್ದಂತೆ.

ಮೂರು ರಾತ್ರಿ ಹುಡುಕಿದೆ.
ಸಿಕ್ಕಿದ್ದು ಒಂದು ಅಕ್ಷರ.
ಅದಕ್ಕೆ ರೂಪವಿಲ್ಲ, ಉಲಿಯಿಲ್ಲ,
ಅಗಲ ಸೊನ್ನೆ.
ನಡುವೆ ಇಟ್ಟರೆ ಸಾಕು,
ಎರಡೂ ತಂತಮ್ಮ ಕಾಲ ಮೇಲೆ ನಿಲ್ಲುತ್ತವೆ:
ಜತ್‌ಗೆ.

ಮಾಸ್ತರರಿಗೆ ತೋರಿಸಲು ಹೋದೆ. ತೋರಿಸುವುದೇನು?
"ಇಲ್ಲೇ ಐತ್ರಿ, ಕಾಣಂಗಿಲ್ಲ."
ಕನ್ನಡಕ ಏರಿಸಿದರು, ಇಳಿಸಿದರು.
"ಹಳ್ಳದಾಚೆ ನಮ್ಮ ಗಡಿ ಐತಲ್ಲ,
ಅದರಂಗ ಅನ್ನು.
ಕಂಡಕ್ಟರನಿಗಷ್ಟೇ ಗೊತ್ತು."

ಆರುನೂರ ಹನ್ನೆರಡು ಕಡೆ
ಆ ಇಲ್ಲದ್ದನ್ನು ಇಡಬೇಕಿತ್ತು.
ಏಳನೇ ಇಯತ್ತೆಯ ಸುಗಲಾ
ಚೀಲದ ಮೇಲೆ ಕೂತು ಓದುತ್ತ ಹೋದಳು,
ನಾನು ಒತ್ತುತ್ತ ಹೋದೆ.
ಮುಗಿಯಿತೆಂದು ಎದ್ದರೆ "ಇನ್ನೂ ಒಂದು ಉಳೀತು ಕಾಕಾ,"
ಹಿಟ್ಟು ಮೆತ್ತಿದ ಹುಬ್ಬಿನಡಿಯಿಂದ
ಮಾಸ್ತರರದೇ ನೋಟ.

ಮೊನ್ನೆ ಕರೆಂಟು ಎರಡು ದಿನ ಇರಲಿಲ್ಲ.
ಡಬ್ಬಿ ಸತ್ತುಬಿದ್ದಿತ್ತು.
ಯಾರಿಗೂ ಏನೂ ಆಗಿಲ್ಲ, ಅಂದುಕೊಂಡೆ,
ಯಾರಿಗೆ ಏನಾಗಬೇಕು?

ಮೂರನೆಯ ದಿನ ಬೆಳಗ್ಗೆ
ಗೌರಾಬಾಯಿ ಬಾಗಿಲಲ್ಲಿ ನಿಂತು
ಓಣಿಗೆಲ್ಲ ಕೇಳುವ ಹಾಗೆ:
"ಏನ್ ಹಾಳಾಗಿ ಹೋಗಿತ್ತೋ ನಿನ್ನ ಡಬ್ಬಿ?
ನಮ್ಮ ಪಾಳಿ ಬಂದು ಹೋತು,
ಒಂದ್ ಕೊಡಾ ನೀರ್ ಸಿಗಲಿಲ್ಲ ನನಗ!"

ಬೈಗುಳ ಮುಗಿಯುವವರೆಗೆ
ನಾನು ಪಟ್ಟಾ ಹಾಕಲಿಲ್ಲ.
ನಾಲ್ವರಲ್ಲಿ ಒಬ್ಬರು,
ಎಂದು ಮನಸ್ಸಿನಲ್ಲೇ ಎಣಿಸಿ,
ಅವಳ ಜೋಳವನ್ನು
ಪಾಳಿ ಮುರಿದು ಮೊದಲು ಸುರಿದೆ.